ಅಕ್ಕನ ಹೆಬ್ಬೆಟ್ಟು, ಗೆಳೆಯನ ಪ್ರಶ್ನೆ

ಮೊನ್ನೆ ಬಾದಾಮಿಗೆ ಒಂದು ಮದುವೆಗೆ ಹೋಗಿದ್ದೆ. ಅಕ್ಷತೆ ಬೀಳುವ ಮೊದಲೇ ನನ್ನ ಮೊಬೈಲಿನ ಸಿಮ್ ಕೈಕೊಟ್ಟಿತು. ಸ್ಟೇಷನ್ ರಸ್ತೆಯ ಒಂದು ಅಂಗಡಿಗೆ ಹೊಕ್ಕು ಹೊಸದು ಕೊಡಪ್ಪ ಎಂದರೆ, ಅಂಗಡಿಯವನು ಸಾಬೂನಿನ ಡಬ್ಬಿಯಷ್ಟು ದೊಡ್ಡ ಯಂತ್ರವೊಂದನ್ನು ಮುಂದೆ ಸರಿಸಿ "ಹೆಬ್ಬೆಟ್ಟು ಇಡ್ರಿ ಸರ್" ಎಂದ. ಇಟ್ಟೆನೋ ಇಲ್ಲವೋ, ಹಸಿರು ದೀಪ ಹತ್ತಿತು.

"ಏನ್ ಹೆಬ್ಬೆಟ್ರಿ ಸರ್ ನಿಮ್ದು! ಒಂದ ಸಲಕ್ಕ ಬಂತ ನೋಡ್ರಿ. ಮುಂಜಾನಿಂದ ಕಲ್ಲಿನ ಕೆಲಸದವ್ರು, ಹೊಲಮನಿಯವ್ರು ಬಂದು ತಿಕ್ಕಿ ತಿಕ್ಕಿ ಹೋದ್ರು, ಒಬ್ರದೂ ಬರಲಿಲ್ಲ. ನೀವು ಏನ್ ಕೆಲಸ ಮಾಡ್ತಿದ್ರಿ?"

"ಕನ್ನಡ ಮಾಸ್ತರ."

"ಹಾಂ, ಅದಕ್ಕ ಮತ್ತ" ಎಂದ.

ಆ "ಅದಕ್ಕ ಮತ್ತ" ಎಂಬ ಎರಡು ಮಾತು ಮದುವೆಯ ಹೋಳಿಗೆಯ ಜೊತೆಗೂ ಗಂಟಲಲ್ಲಿಳಿಯಲಿಲ್ಲ. ಮೂವತ್ತು ವರ್ಷ ಸೀಮೆಸುಣ್ಣ ಹಿಡಿದು ಬೆವರು ಸುರಿಸಿದ್ದೇನೆ ಎಂದು ಅವನಿಗೆ ಹೇಳಬೇಕೆನಿಸಿತು. ಆದರೆ ಸೀಮೆಸುಣ್ಣದಿಂದ ಹೆಬ್ಬೆರಳು ಸವೆಯುವುದಿಲ್ಲವಲ್ಲ. ವಾಪಸು ಬಾಗಲಕೋಟೆಯ ಬಸ್ಸು ಹತ್ತಿ ಕಿಟಕಿ ಪಕ್ಕ ಕುಳಿತಾಗ ಆ ಹಸಿರು ದೀಪದ ಹಿಂದೆಯೇ ನಿಂಗ್ಯಾ ನೆನಪಾದ. ನೆನಪಾದ ಕೂಡಲೇ ಎದೆಯ ಕೆಳಗೆ ಚುರ್ ಎಂದಿತು.

ನಿಂಗ್ಯಾ ಎಂದರೆ ಈಗ ನಿಂಗಪ್ಪನವರು, ಶಾಸಕರು, ಅದೂ ವಿರೋಧ ಪಕ್ಷದವರು. ನನ್ನ ಬಾಯಲ್ಲಿ ಮಾತ್ರ ನಿಂಗ್ಯಾ. ಇಳಕಲ್ಲಿನ ಹೈಸ್ಕೂಲಿನಲ್ಲಿ ಇಬ್ಬರೂ ಒಂದೇ ಬೆಂಚು. ನೀವು ಒಳ್ಳೆಯವರು, ನಿಮಗೆ ಹೊಟ್ಟೆಕಿಚ್ಚು ಗೊತ್ತಿರಲಿಕ್ಕಿಲ್ಲ. ಗೊತ್ತಿದ್ದರೂ ಹೇಳಿಕೊಳ್ಳಲಿಕ್ಕಿಲ್ಲ. ನಾನು ಹೇಳಿಕೊಳ್ಳುತ್ತೇನೆ. ಈ ವಯಸ್ಸಿನಲ್ಲಿ ಬಿ.ಪಿ., ಶುಗರು, ಮೊಣಕಾಲು ನೋವು ಎಲ್ಲ ಹೇಳಿಕೊಳ್ಳುವಾಗ ಇದೊಂದನ್ನು ಯಾಕೆ ಮುಚ್ಚಿಡಬೇಕು?

ಹುನಗುಂದದ ಕಡೆಯ ಹಳ್ಳಿಯಿಂದ ದಿನಾ ಸೈಕಲ್ ತುಳಿದುಕೊಂಡು ಬರುತ್ತಿದ್ದ ಹುಡುಗ ಅವನು. ಮಾಸ್ತರು ಕೇಳಿದ್ದಕ್ಕೆ ಉತ್ತರ ಹೇಳುವುದು ನನ್ನ ಕೆಲಸ. ಮಾಸ್ತರಿಗೇ ಪ್ರಶ್ನೆ ಕೇಳಿ ಏಟು ತಿನ್ನುವುದು ಅವನ ಕೆಲಸ. ಒಮ್ಮೆ ಇತಿಹಾಸದ ಮಾಸ್ತರು ಅಶೋಕನ ಐದು ಸಾಧನೆ ಹೇಳೋ ಎಂದರು. ನಾನು ಎದ್ದು ನಿಂತು ಗಡಗಡ ಐದೂ ಹೇಳಿದೆ. ನಿಂಗ್ಯಾ ಕೂತಲ್ಲಿಂದಲೇ ಕೈ ಎತ್ತಿ, "ಸರ್, ಅಶೋಕ ರಸ್ತೆ ಬಾಜೂಕ ಗಿಡ ಹಚ್ಚಿಸಿದ ಅಂತೀರಿ. ಬ್ಯಾಸಗ್ಯಾಗ ಅವಕ್ಕ ನೀರ ಯಾರು ಹಾಕತಿದ್ರು ರೀ?" ಎಂದ. ಮಾಸ್ತರು ಅವನ ಬೆನ್ನಿಗೆ ನಾಲ್ಕು ಬಿಟ್ಟರು. ನಾನು ನಕ್ಕೆ. ಆವತ್ತು ನಕ್ಕಿದ್ದಕ್ಕೆ ಇವತ್ತಿನವರೆಗೂ ಬಡ್ಡಿ ಕಟ್ಟುತ್ತಿದ್ದೇನೆ.

ಚರ್ಚಾಸ್ಪರ್ಧೆಯಲ್ಲಿ ಮೂರು ವರ್ಷವೂ ಮೊದಲ ಬಹುಮಾನದ ಸ್ಟೀಲಿನ ಲೋಟ ನನ್ನದೇ. ಅವನು ವೇದಿಕೆ ಹತ್ತಿ ನಾಲ್ಕು ಮಾತಾಡಿ, ಎದುರು ಕುಳಿತವರನ್ನೇ "ನೀವ ಹೇಳ್ರಿ, ಇದು ಖರೆ ಹೌದೋ ಅಲ್ಲೋ?" ಎಂದು ಕೇಳಿ ಇಳಿದುಬಿಡುತ್ತಿದ್ದ. ಹೀಗಿರುವಾಗ ಯಾರು ಶಾಸಕರಾಗಬೇಕಿತ್ತು, ನೀವೇ ಹೇಳಿ. ಅವನು ಮೊದಲ ಸಲ ಗೆದ್ದಾಗ ಸತ್ಕಾರ ಸಮಾರಂಭದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, "ಇಂವ ನಮ್ಮ ಪಂಡಿತ, ನನಗಿಂತ ಭಾಳ ಶಾಣ್ಯಾ" ಎಂದು ಮೈಕಿನಲ್ಲಿ ಹೇಳಿದ. ಸೋತವರನ್ನು ಹೊಗಳುವುದು ಗೆದ್ದವರ ಚಟ. ಮನೆಗೆ ಬಂದು ಹೊಟ್ಟೆ ಹಿಡಿದುಕೊಂಡು ಮಲಗಿದೆ. ಹೆಂಡತಿ ಏನಾಗೇತಿ ಎಂದರೆ, ಸಭೆಯಾಗ ಮಿರ್ಚಿ ಬಜಿ ಕೊಟ್ಟಿದ್ರು, ಉರಿಯಾಕತ್ತೈತಿ ಎಂದೆ. ಬಜಿ ಕೊಟ್ಟಿರಲೇ ಇಲ್ಲ.

ಇಷ್ಟು ವರ್ಷ ಅವನ ಮೇಲಿನ ಕಿಚ್ಚು ನನ್ನೊಳಗೇ ಉರಿದುಕೊಂಡು ತಣ್ಣಗಿತ್ತು, ಯಾರಿಗೂ ಉಪದ್ರವವಿರಲಿಲ್ಲ. ಅದು ಹೊರಗೆ ಬಿದ್ದದ್ದು ಅಕ್ಕನ ಹೆಬ್ಬೆಟ್ಟಿನ ದೆಸೆಯಿಂದ.

ಅಕ್ಕನ ಹೆಸರು ಗೌರವ್ವ. ಅವ್ವ ಬೇಗ ತೀರಿಕೊಂಡಳು, ನನ್ನನ್ನು ಸಾಕಿದವಳು ಇವಳೇ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಈಗಲೂ ಅದೇ ಮನೆ. ಮುಂದಿನ ಖೋಲಿಯಲ್ಲಿ ಮಗ, ಸೊಸೆ ಪವರ್‌ಲೂಮ್ ನಡೆಸುತ್ತಾರೆ, ಹಿಂದಿನ ಖೋಲಿಯಲ್ಲಿ ನೆಲದ ಕುಣಿಗೆ ಕಾಲು ಇಳಿಬಿಟ್ಟು ನೇಯುವ ಕುಣಿಮಗ್ಗ ಅಕ್ಕನದು. ಇಳಕಲ್ ಸೀರೆಯ ಒಡಲು ಹತ್ತಿ, ಸೆರಗು ರೇಷ್ಮೆ. ಆ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಹೆಬ್ಬೆರಳು ಮತ್ತು ತೋರುಬೆರಳ ನಡುವೆ ಚೂರು ಬೂದಿ ಹಚ್ಚಿಕೊಂಡು ಒಂದೊಂದೇ ಎಳೆಯನ್ನು ಹುರಿ ಮಾಡುತ್ತ ಹೋದರೆ ಒಂದು ಸೀರೆಗೆ ಎಷ್ಟು ಸಾವಿರ ಸಲ ಬೆರಳು ಉಜ್ಜಬೇಕೋ ಲೆಕ್ಕವಿಟ್ಟವರಿಲ್ಲ. ಐವತ್ತು ವರ್ಷ ಅಕ್ಕ ಇದನ್ನೇ ಮಾಡಿದ್ದಾಳೆ. ಪಕ್ಕದ ಮನೆಯ ಹಸೀನಾ ಕೂಡ ಅವಳ ಜೊತೆ ಕುಳಿತು ಅಷ್ಟೇ ವರ್ಷ ಇದನ್ನೇ ಮಾಡಿದ್ದಾಳೆ. ಹೀಗಾಗಿ ಆ ಓಣಿಯ ಹತ್ತು ಹನ್ನೆರಡು ಹೆಂಗಸರ ಹೆಬ್ಬೆಟ್ಟಿನ ಮೇಲೆ ದೇವರು ಬರೆದ ಗೆರೆ ಒಂದೂ ಉಳಿದಿಲ್ಲ.

ಗೆರೆ ಇಲ್ಲದಿದ್ದರೆ ಏನಾಯಿತು? ಮೊದಲು ಏನೂ ಆಗುತ್ತಿರಲಿಲ್ಲ. ಈಗ ವೃದ್ಧಾಪ್ಯದ ಮಾಸಾಶನ ಬರಬೇಕಾದರೆ ವರ್ಷಕ್ಕೊಮ್ಮೆ ಬ್ಯಾಂಕಿಗೆ ಹೋಗಿ ಯಂತ್ರದ ಮೇಲೆ ಹೆಬ್ಬೆಟ್ಟಿಟ್ಟು ತಾನು ಜೀವಂತ ಇದ್ದೇನೆಂದು ತೋರಿಸಬೇಕು. ಅಕ್ಕ ಇಟ್ಟಳು. ಕೆಂಪು ದೀಪ. ತೊಳೆದು ಇಟ್ಟಳು, ಒರೆಸಿ ಇಟ್ಟಳು, ಎಡಗೈಯದನ್ನೂ ಇಟ್ಟಳು. ಕೆಂಪೇ. "ನನಗ ಸಹಿ ಬರತೈತ್ರಿ, ನಾಲ್ಕನೇ ಇಯತ್ತೆ ಕಲತೇನಿ" ಎಂದಳಂತೆ. "ಸಹಿ ನಡಿಯಂಗಿಲ್ಲವ್ವ" ಎಂದರಂತೆ. ಮರುತಿಂಗಳಿಂದ ಮಾಸಾಶನ ನಿಂತಿತು. ಸೊಸೆ ಒಳ್ಳೆಯವಳೇ. ಆದರೂ ಎಲೆ ಅಡಿಕೆಗೆ, ಹಸೀನಾಳ ಜೊತೆ ದರ್ಗಾಕ್ಕೆ ಹೋಗುವಾಗ ಒಂದು ಮೊಳ ಹೂವಿಗೆ ಇನ್ನೊಬ್ಬರ ಮುಂದೆ ಕೈ ಚಾಚುವ ಜಾತಿಯವಳಲ್ಲ ನಮ್ಮಕ್ಕ.

"ತಮ್ಮಾ, ನೀ ಒಂದ ಅರ್ಜಿ ಬರದು ಕೊಡು. ನಿನ್ನ ಅಕ್ಷರ ನೋಡಿದ್ರ ಯಾವ ಸಾಹೇಬನೂ ಇಲ್ಲ ಅನ್ನಂಗಿಲ್ಲ" ಎಂದಳು. ಬರೆದೆನಪ್ಪ! "ಸನ್ಮಾನ್ಯ ವ್ಯವಸ್ಥಾಪಕರ ದಿವ್ಯ ಸಮ್ಮುಖಕ್ಕೆ" ಎಂದು ಶುರುಮಾಡಿ, ಹಸ್ತವೆಂಬುದು ಕಾಯಕದ ಕನ್ನಡಿ ಎಂದು ಹೊರಳಿ, ನೇಕಾರಿಕೆಯ ಹಿರಿಮೆ, ಸ್ತ್ರೀಕುಲದ ಸಹನೆ, ಕಾಲಪುರುಷನ ಕ್ರೌರ್ಯ ಎಲ್ಲ ಮುಟ್ಟಿಕೊಂಡು ನಾಲ್ಕು ಪುಟ. ಒಂದಲ್ಲ, ಆರು ಅರ್ಜಿ ಬರೆದೆ. ಒಂದಕ್ಕೂ ಉತ್ತರವಿಲ್ಲ. ಕಡೆಗೆ ನಾನೇ ಬ್ಯಾಂಕಿಗೆ ಹೋದೆ. ಅಲ್ಲಿನ ಗುಮಾಸ್ತ ಎದ್ದು ನಿಂತು ಕೈಮುಗಿದ. "ಸರ್, ನೀವೇನ್ರಿ ಬರದವ್ರು? ಮನಿಗೆ ಒಯ್ದು ಮಕ್ಕಳಿಗೆ ಓದಿ ತೋರಿಸೇನ್ರಿ. ಏನ್ ಬರದೀರಿ ಸರ್! ಆದ್ರ ನಿಮಗ ಏನ್ ಬೇಕಾಗಿತ್ತು ಅನ್ನೂದು ತಿಳೀಲಿಲ್ಲರಿ" ಎಂದ.

ಈ ಮಾತನ್ನು ಅಕ್ಕನಿಗೆ ಹೇಳಲಿಲ್ಲ. "ಅರ್ಜಿ ವಿಚಾರಣಾದಾಗ ಐತಿ" ಎಂದು ಸುಳ್ಳು ಹೇಳಿದೆ.

ಆಗ ಬಂದನಲ್ಲ ನಿಂಗ್ಯಾ! ಓಣಿಯಲ್ಲಿ ಯಾರೋ ತೀರಿಕೊಂಡವರ ಮನೆಗೆ ಮಾತಾಡಿಸಲು ಬಂದವನು, "ಅಕ್ಕನ ಮನಿ ಇಲ್ಲೇ ಐತೆಲ್ಲ" ಎಂದು ಒಳಗೇ ಬಂದು, ಕುಣಿಮಗ್ಗದ ಪಕ್ಕದ ನೆಲದ ಮೇಲೆ ಬಿಳಿ ಪ್ಯಾಂಟಿನಲ್ಲೇ ಕುಳಿತ. ಅವತ್ತು ನಾನೂ ಅಲ್ಲಿದ್ದೆ. ಅಕ್ಕ ಬೆಲ್ಲ ನೀರು ಕೊಟ್ಟು ಹೆಬ್ಬೆಟ್ಟಿನ ಕಥೆ ಹೇಳಿದಳು. ಅವನು ಅವಳ ಕೈಯನ್ನು ತನ್ನ ಅಂಗೈಯಲ್ಲಿಟ್ಟುಕೊಂಡು, ಬಾಗಿಲ ಬೆಳಕಿಗೆ ತಿರುಗಿಸಿ, ಹೆಬ್ಬೆರಳನ್ನು ದಿಟ್ಟಿಸಿ ನೋಡಿದ. ಎಷ್ಟೊತ್ತು ನೋಡಿದ! ನಾಲ್ಕು ಪುಟ ಬರೆದ ನಾನು ಆ ಬೆರಳನ್ನು ಒಂದು ಸಲವೂ ಹಿಡಿದು ನೋಡಿರಲಿಲ್ಲ. ನೋಡದೆಯೇ ಕಾಯಕದ ಕನ್ನಡಿ ಎಂದು ಬರೆದಿದ್ದೆ.

"ಯಾವಾಗಿಂದ ನಿಂತೈತಿ ಅಕ್ಕಾ? ಹಿಂಗ ಆದವ್ರು ಎಷ್ಟ ಮಂದಿ ಅದೀರಿ? ಬರಂಗಿಲ್ಲ ಅಂತ ಅವ್ರು ಬರದು ಕೊಟ್ಟಾರೇನು?" ಮೂರೇ ಪ್ರಶ್ನೆ. ಅಕ್ಕ ಹಸೀನಾಳನ್ನು ಕೂಗಿದಳು, ಹಸೀನಾ ಉಳಿದವರನ್ನು ಕೂಗಿದಳು. ಹೆಂಗಸರೆಲ್ಲ ಸಾಲಾಗಿ ನಿಂತು ಶಾಸಕನಿಗೆ ಹೆಬ್ಬೆಟ್ಟು ತೋರಿಸಿದರು. ನಾನು ಮೂಲೆಯಲ್ಲಿ ಚಹಾದ ಕಪ್ಪು ಹಿಡಿದುಕೊಂಡು ನಿಂತಿದ್ದೆ.

ಮುಂದೆ ಬೆಳಗಾವಿಯಲ್ಲಿ ಅಧಿವೇಶನ. ನಿಂಗ್ಯಾ ಎದ್ದು ನಿಂತು ಕೇಳಿದ್ದನ್ನು ಹಸೀನಾಳ ಮಗಳ ಮೊಬೈಲಿನಲ್ಲಿ ಇಡೀ ಓಣಿ ನೋಡಿತು. "ಮಾನ್ಯ ಸಭಾಧ್ಯಕ್ಷರ, ನಮ್ಮಕ್ಕ ಗೌರವ್ವ ಇಳಕಲ್ಲಿನಾಗ ಅದಾಳ. ಊರಿಗೆಲ್ಲ ಸೀರಿ ಉಡಿಸ್ಯಾಳ. ಮಷೀನು ಅಕಿ ಇಲ್ಲ ಅಂತೈತಿ. ಕೇಳಿದ್ರ ಸರ್ಕಾರ ಬ್ಯಾಂಕಿನ ಕಡೆ ಬೆರಳ ತೋರಸ್ತೈತಿ, ಬ್ಯಾಂಕು ಸರ್ಕಾರದ ಕಡೆ ಬೆರಳ ತೋರಸ್ತೈತಿ. ಇಬ್ಬರಿಗೂ ಬೆರಳ ಅದಾವು, ನಮ್ಮಕ್ಕಗಷ್ಟ ಇಲ್ಲ. ಅಕಿ ಏನ್ ಮಾಡಬೇಕು, ಹೇಳ್ರಿ" ಎಂದ.

ನಮ್ಮಕ್ಕ! ಯಾರಪ್ಪನ ಮನೆಯ ಅಕ್ಕ? ಜ್ವರ ಬಂದಾಗ ಅವಳ ಮಡಿಲಲ್ಲಿ ಮಲಗಿದವನು ನಾನು. ಅವಳು ಸಾಲಿ ಬಿಟ್ಟು ಮಗ್ಗಕ್ಕೆ ಕುಳಿತು ಕೊಡಿಸಿದ ಪಾಟಿ ಬಳಪ ನನ್ನದು. ಇವನು ಒಂದು ಮಧ್ಯಾಹ್ನ ಬೆಲ್ಲ ನೀರು ಕುಡಿದು ಹೋಗಿ ಇಡೀ ರಾಜ್ಯದ ಮುಂದೆ ನಮ್ಮಕ್ಕ ಎನ್ನುತ್ತಾನೆ! ಅಷ್ಟೇ ಅಲ್ಲ, ಆ ಬೆರಳು ತೋರಿಸುವ ಮಾತು ನನಗೆ ಹೊಳೆಯಬೇಕಿತ್ತು. ಅಲಂಕಾರ ಕಲಿಸಿದವನು ನಾನು.

ಆಳುವ ಪಕ್ಷದವರು ಬಿಟ್ಟಾರೆಯೇ? "ಆ ಮಷೀನ್ ತಂದದ್ದು ನಿಮ್ಮ ಸರ್ಕಾರ ಇದ್ದಾಗಲೇ" ಎಂದು ಕೂಗಿದರು. ಸಿಕ್ಕಿಬಿದ್ದ ಮಗ ಎಂದು ನಾನು ತೊಡೆ ತಟ್ಟಿಕೊಂಡೆ. ನಿಂಗ್ಯಾ ತಣ್ಣಗೆ, "ಖರೆ ಐತ್ರಿ. ನಾವ ತಂದ್ವಿ. ಅವತ್ತು ನಾ ಯಾಕ ಕೇಳಲಿಲ್ಲ ಅಂತ ಇವತ್ತು ನಾಚಿಕಿ ಬರತೈತಿ. ನೀವರ ಉತ್ತರ ಕೊಡ್ರಿ" ಎಂದುಬಿಟ್ಟ. ಹೀಗೆ ತಪ್ಪು ಒಪ್ಪಿಕೊಂಡು ಇನ್ನೂ ದೊಡ್ಡವನಾಗುವವರನ್ನು ಏನು ಮಾಡಬೇಕು ಹೇಳಿ. ಮಂತ್ರಿಗಳು ಮಾಹಿತಿ ತರಿಸಿಕೊಳ್ಳಲಾಗುತ್ತಿದೆ ಎಂದರು. ಬ್ಯಾಂಕಿನವರನ್ನೂ ಅಧಿಕಾರಿಗಳನ್ನೂ ಕೂಡಿಸಿ ಬಾಗಲಕೋಟೆಯಲ್ಲಿ ಸಭೆ ಮಾಡಿ ತೀರ್ಮಾನಿಸಿ ಎಂದರು. ಸಭೆಗೆ ನಲವತ್ತು ದಿನ ಇತ್ತು. ಅವತ್ತು ಯಂತ್ರವನ್ನೂ ತರಿಸುತ್ತೇನೆ, ಅಕ್ಕನನ್ನೂ ಕರೆಸುತ್ತೇನೆ, ಎಲ್ಲರ ಕಣ್ಣೆದುರೇ ಆಗಲಿ ಎಂದು ನಿಂಗ್ಯಾ ಹೇಳಿದ.

ಅಕ್ಕ ಆ ವಿಡಿಯೋವನ್ನು ಏಳು ಸಲ ನೋಡಿದಳು. ಏಳನೆಯ ಸಲ ನನ್ನ ಕಡೆ ತಿರುಗಿ, "ಎಷ್ಟ ಸರಳ ಕೇಳ್ಯಾನ ನೋಡೋ ತಮ್ಮಾ" ಎಂದಳು. ಅವಳ ಮನಸ್ಸಿನಲ್ಲಿ ಏನೂ ಇರಲಿಲ್ಲ. ನನಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಅವಳ ಕಣ್ಣಲ್ಲಿ ಶಾಣ್ಯಾ ಎಂದರೆ ನಾನೊಬ್ಬನೇ ಇದ್ದೆ. ಅರವತ್ತು ವರ್ಷದ ಆ ಜಾಗಕ್ಕೆ ಇನ್ನೊಬ್ಬ ಬಂದು ಕುಳಿತಿದ್ದ.

ಅವತ್ತೇ ನಿರ್ಧರಿಸಿದೆ. ಸಭೆಯ ದಿನ ಬರುವುದರೊಳಗೆ ಅಕ್ಕನ ಹೆಬ್ಬೆಟ್ಟು ನಾನೇ ಸರಿ ಮಾಡುತ್ತೇನೆ. ಆಗ ನಿಂಗ್ಯಾನ ಪ್ರಶ್ನೆ ಅವನ ಜೇಬಿನಲ್ಲೇ ಇರಲಿ. ದವಾಖಾನೆಯ ಒಬ್ಬ ಪರಿಚಯದ ಡಾಕ್ಟರು, ಕೆಲಸ ನಿಲ್ಲಿಸಿ ಎಣ್ಣೆ ಹಚ್ಚುತ್ತಿದ್ದರೆ ಗೆರೆ ಮತ್ತೆ ಮೂಡಬಹುದು ಎಂದಿದ್ದರು. ಕಣ್ಣು ತೋರಿಸೋಣ ಬಾ ಎಂದು ಸುಳ್ಳು ಹೇಳಿ ಅಕ್ಕನನ್ನು ಬಾಗಲಕೋಟೆಯ ನಮ್ಮ ಮನೆಗೆ ಕರೆತಂದೆ. ಬಸ್ಸು ಅಮೀನಗಡ ದಾಟಿ ಶಿರೂರಿಗೆ ಬರುವಷ್ಟರಲ್ಲೇ ಅವಳ ಕೈ ಕೆಲಸ ಹುಡುಕುತ್ತಿತ್ತು, ಸೀರೆಯ ಅಂಚಿನ ನೂಲನ್ನು ಹುರಿ ಮಾಡುತ್ತಿದ್ದಳು. "ಕೈ ಸುಮ್ಮನಿಡು" ಎಂದು ಗದರಿದೆ.

ಕೈ ಒರಟಾಗ್ಯಾವು, ಮೆತ್ತಗಾಗಲಿ ಎಂದು ಅವಳಿಗೆ ಹೇಳಿ ನಲವತ್ತು ದಿನ ಕಾವಲು ಕುಳಿತೆ. ಮುಂಜಾನೆ ಕೊಬ್ಬರಿ ಎಣ್ಣೆ, ಮಧ್ಯಾಹ್ನ ಗ್ಲಿಸರಿನ್, ಸಂಜೆ ಮತ್ತೆ ಎಣ್ಣೆ. ಪಾತ್ರೆ ತಿಕ್ಕಲು ಬಿಡಲಿಲ್ಲ, ರೊಟ್ಟಿ ಬಡಿಯಲು ಬಿಡಲಿಲ್ಲ. ಹೆಂಡತಿ ನೋಡಿ ನೋಡಿ, "ಅಕ್ಕಗ ಏನ್ ಮದುವಿ ಮಾಡಾವ್ರಿದ್ದೀರೇನ್ರಿ?" ಎಂದಳು. ನಾನು ಅಕ್ಕನ ಕೈ ಹಿಡಿದು ಎಣ್ಣೆ ತಿಕ್ಕುವಾಗ ಅವಳಿಗೆ ಕಣ್ಣು ತುಂಬಿ ಬರುತ್ತಿತ್ತು. "ಸಣ್ಣಂವ ಇದ್ದಾಗ ನಿನಗ ನಾ ಹಚ್ಚತಿದ್ದೆ, ಈಗ ನೀ ಹಚ್ಚಾಕತ್ತಿ. ನಿನ್ನಂಥ ತಮ್ಮ ಯಾರಿಗೆ ಸಿಗತಾನ" ಎನ್ನುತ್ತಿದ್ದಳು. ಆ ಮಾತು ಕೇಳಲು ಎಷ್ಟು ಹಿತವಾಗಿತ್ತೆಂದರೆ, ನಾನು ಯಾಕೆ ಹಚ್ಚುತ್ತಿದ್ದೇನೆ ಎಂಬುದನ್ನು ನಾನೇ ಮರೆಯುತ್ತಿದ್ದೆ. ಕೆಲವು ದಿನ ನಿಜವಾಗಿಯೂ ಪ್ರೀತಿಯಿಂದಲೇ ಹಚ್ಚಿದ್ದೇನೆ, ಅಷ್ಟನ್ನಾದರೂ ನಂಬಿ.

ಮೂವತ್ತನೆಯ ದಿನದ ಹೊತ್ತಿಗೆ ಭೂತಗನ್ನಡಿ ಇಟ್ಟು ನೋಡಿದರೆ ಕಂಡಿತು. ಎಳೆ ಮಗುವಿನ ಬೆರಳಲ್ಲಿರುವಂಥ ಸಣ್ಣ ಸಣ್ಣ ಗೆರೆ! ಬ್ಯಾಂಕಿಗೆ ಹೋಗಿ ಯಂತ್ರಕ್ಕೆ ಇಡಿಸಿಬಿಡೋಣವೆಂದು ನವನಗರದ ಶಾಖೆಗೆ ಮೂರು ಸಲ ಕರೆದೊಯ್ದೆ. ಮೂರು ಸಲವೂ "ಸರ್ವರ್ ಇಲ್ಲರಿ, ನಾಳೆ ಬರ್ರಿ." ಹಾಗೆಯೇ ಸಭೆಯ ದಿನ ಬಂದುಬಿಟ್ಟಿತು.

ಇನ್ನು ಹೇಳುವುದು ನನಗೆ ನಾಚಿಕೆಯ ಮಾತು. ಅಂದು ಮುಂಜಾನೆ ನಿಂಗ್ಯಾ ತಾನೇ ಫೋನು ಮಾಡಿ, "ಪಂಡಿತ, ಅಕ್ಕನ ಕರಕೊಂಡ ಬಾರಪಾ, ಗಾಡಿ ಕಳಸ್ಲೇನು?" ಎಂದ. ಆಗ ಒಂದು ಮಾತು ಹೇಳಬಹುದಿತ್ತು. ಅಕ್ಕನ ಬೆರಳಿಗೆ ಎಣ್ಣೆ ಹಚ್ಚಿದ್ದೇನೋ, ಇಳಕಲ್ಲಿನಿಂದ ಹಸೀನಾನ್ನ ಕರೆಸು ಎಂದರೆ ಮುಗಿದಿತ್ತು. ಹೇಳಲಿಲ್ಲ. ಆಟೋದಾಗ ಬರ್ತೇವಿ ಬಿಡು ಎಂದೆ.

ಜಿಲ್ಲಾಡಳಿತ ಭವನದ ಸಭಾಂಗಣ ತುಂಬಿತ್ತು. ನಾನು ಕಡೆಯ ಸಾಲಿನಲ್ಲಿ ಕುಳಿತೆ. ನಿಂಗ್ಯಾ ಅಕ್ಕನನ್ನು ಕೈಹಿಡಿದು ಮುಂದೆ ಕರೆದೊಯ್ದು ಕುರ್ಚಿಯ ಮೇಲೆ ಕೂಡಿಸಿ, "ಇದು ಐವತ್ತ ವರ್ಷ ದುಡದ ಕೈ. ಈಗ ನೋಡ್ರಿ ನಿಮ್ಮ ಮಷೀನಿನ ನ್ಯಾಯ" ಎಂದ. ಬ್ಯಾಂಕಿನ ಕಡೆಯವರು ತಂದಿದ್ದ ಯಂತ್ರ ಮುಂದಿಟ್ಟರು. ಅಕ್ಕ ಹೆಬ್ಬೆಟ್ಟು ಇಟ್ಟಳು.

ಹಸಿರು.

ಮೊದಲು ಯಾರೋ ಕಿಸಕ್ಕೆಂದರು, ಆಮೇಲೆ ಇಡೀ ಸಭೆ ನಕ್ಕಿತು. ನಿಂಗ್ಯಾ ಬಾಯಿ ತೆರೆದುಕೊಂಡು ನಿಂತಿದ್ದ. ನಲವತ್ತೈದು ವರ್ಷದಲ್ಲಿ ಮೊದಲ ಸಲ ಅವನಿಗೆ ಕೇಳಲು ಏನೂ ಇರಲಿಲ್ಲ. ಏನು ಸುಖ ಅಂತೀರಿ! ಅಂಥ ಸುಖ ನಾನು ಸ್ಟೀಲಿನ ಲೋಟ ಗೆದ್ದಾಗಲೂ ಉಂಡಿರಲಿಲ್ಲ. ಅರ್ಧ ಕಪ್ ಚಹಾ ಕುಡಿಯುವಷ್ಟು ಹೊತ್ತು ಅದು ಇತ್ತು.

ಬ್ಯಾಂಕಿನ ಕಡೆಯ ದೊಡ್ಡ ಅಧಿಕಾರಿ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, "ನೋಡಿದ್ರಲ್ಲ ಸರ್, ಯಂತ್ರದಲ್ಲಿ ದೋಷವಿಲ್ಲ. ಇವರು ಸರಿಯಾಗಿ ಒತ್ತುವುದಿಲ್ಲ, ಅಷ್ಟೇ. ಆ ಓಣಿಯ ಉಳಿದವರದ್ದೂ ಇದೇ ಸಮಸ್ಯೆ ಇರಬೇಕು. ವಿಷಯ ಮುಕ್ತಾಯ ಎಂದು ಬರೆದುಕೊಳ್ಳಿ" ಎಂದರು. ಬರೆದುಕೊಳ್ಳುವವನು ಪೆನ್ನು ಎತ್ತಿಕೊಂಡ.

ಮುಕ್ತಾಯ ಎಂದಾಗಲೇ ನನಗೆ ಹಸೀನಾಳ ನೆನಪು ಬಂದದ್ದು. ಆ ನಲವತ್ತು ದಿನದಲ್ಲಿ ಒಮ್ಮೆಯೂ ಬಂದಿರಲಿಲ್ಲ. ಹತ್ತು ಹನ್ನೆರಡು ಹೆಂಗಸರು ಅಲ್ಲಿ ಓಣಿಯಲ್ಲಿ ಮೊಬೈಲು ಹಿಡಿದುಕೊಂಡು ಸುದ್ದಿಗೆ ಕಾಯುತ್ತಿದ್ದರು. ಅವರ ಬೆರಳಿಗೆ ಎಣ್ಣೆ ಹಚ್ಚುವವರು ಯಾರು?

ಅಕ್ಕ ತನ್ನ ಹೆಬ್ಬೆಟ್ಟನ್ನು ನೋಡಿಕೊಂಡಳು. ಎಣ್ಣೆ ಯಾಕೆ ಹಚ್ಚಿದ್ದೆನೆಂದು ಆಗ ಅವಳಿಗೆ ತಿಳಿಯಿತು. ಕುರ್ಚಿಯಲ್ಲೇ ತಿರುಗಿ ಅಷ್ಟು ಜನರ ನಡುವೆ ನನ್ನನ್ನು ಹುಡುಕಿದಳು. ಸಿಟ್ಟಿನಿಂದ ಅಲ್ಲ, ಸಣ್ಣವನಿದ್ದಾಗ ಸಾಲಿಗೆ ಹೊತ್ತಾತು ಎಂದು ಎಬ್ಬಿಸುವ ದನಿಯಲ್ಲಿ ಹೇಳಿದಳು:

"ತಮ್ಮಾ, ಏಳು."

ಎದ್ದೆ. ಮುಂದಿನ ಕುರ್ಚಿಯ ಬೆನ್ನು ಹಿಡಿದುಕೊಂಡೆ. "ಸಾಹೇಬ್ರ, ಮುಕ್ತಾಯ ಬರಕೋಬ್ಯಾಡ್ರಿ. ಮಷೀನಿಂದೇನೂ ತಪ್ಪಿಲ್ಲ, ಅಕ್ಕಂದೂ ತಪ್ಪಿಲ್ಲ. ನಲವತ್ತ ದಿನ ನಾ ಅಕಿಗೆ ನೂಲು ಮುಟ್ಟಾಕ ಬಿಟ್ಟಿಲ್ಲ. ದಿನಾ ಮೂರ ಸಲ ಎಣ್ಣಿ ಹಚ್ಚೇನಿ. ಅದಕ್ಕ ಗೆರಿ ಮೂಡ್ಯಾವು."

"ಯಾಕೆ?" ಎಂದರು ಅಧಿಕಾರಿ.

ಅಕ್ಕನ ಮೇಲಿನ ಪ್ರೀತಿಗೆ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಅಕ್ಕ ನೋಡುತ್ತಿದ್ದಳು. "ನನಗ ಇಂವನ ಕಂಡ್ರ ಆಗಂಗಿಲ್ಲರಿ" ಎಂದು ನಿಂಗ್ಯಾನ ಕಡೆ ಕೈ ಮಾಡಿದೆ. "ಸಣ್ಣಂದಿರತ್ಲೆ ಹೊಟ್ಟಿಕಿಚ್ಚು."

ಮತ್ತೆ ನಕ್ಕರು. ನಿಂಗ್ಯಾ ನಗಲಿಲ್ಲ. ನನ್ನನ್ನು ಒಂದು ಗಳಿಗೆ ನೋಡಿದ, ಬೈಯ್ಯುತ್ತಾನೆ ಎಂದುಕೊಂಡೆ. ಅವನು ಅಧಿಕಾರಿಯ ಕಡೆ ತಿರುಗಿದ. "ಹಂಗಾದ್ರ ಸಾಹೇಬ್ರ, ಒಬ್ಬ ನೇಕಾರ ಹೆಣಮಗಳು ಬದುಕೇ ಅದಾಳ ಅಂತ ನಿಮ್ಮ ಮಷೀನಿಗೆ ತಿಳೀಬೇಕಂದ್ರ ಅಕಿ ನಲವತ್ತ ದಿನ ದುಡಿಯೂದು ಬಿಡಬೇಕೇನ್ರಿ? ದುಡದ್ರ ಸತ್ತಂಗ, ಕುಂತ್ರ ಬದುಕಿದಂಗ. ಇದನ್ನ ಬರದು ಕೊಡ್ರಿ, ನಾ ಮನಿಗೆ ಹೋಗ್ತೇನಿ."

ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ. ನೋಡಿ, ನನ್ನ ಮಾನ ಕಳೆದುಕೊಂಡು ನಾನು ಕೊಟ್ಟ ಉತ್ತರದಿಂದ ಅವನು ತನ್ನ ಜೀವಮಾನದ ಪ್ರಶ್ನೆ ಮಾಡಿಕೊಂಡ. ನನಗೆ ಅಲ್ಲಿಯೂ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆಯೊಳಗೆ ತೀರ್ಮಾನವಾಯಿತು. ಹೆಬ್ಬೆಟ್ಟು ಬರದವರು ತಮ್ಮ ತಮ್ಮ ಶಾಖೆಯಲ್ಲಿ ಒಂದು ನಮೂನೆ ತುಂಬಿ ಸಹಿ ಮಾಡಿದರೆ ಸಾಕು. ಬಲ್ಲವರೊಬ್ಬರು, ಇವರು ಇವರೇ, ಜೀವಂತ ಇದ್ದಾರೆ ಎಂದು ಅದರಲ್ಲಿ ಬರೆದುಕೊಡಬೇಕು. ಒಬ್ಬರು ಹತ್ತು ಮಂದಿಗಿಂತ ಹೆಚ್ಚಿನವರಿಗೆ ಬರೆದುಕೊಡುವಂತಿಲ್ಲ. ಮರುದಿನ ಪೇಪರಿನಲ್ಲಿ ನಿಂಗ್ಯಾನ ಫೋಟೋ ಬಂತು. ನನ್ನ ಬಗ್ಗೆ "ಸಭೆಯಲ್ಲಿದ್ದ ವೃದ್ಧರೊಬ್ಬರು" ಎಂದಿತ್ತು. ಅವನು ನನಗಿಂತ ಎರಡು ತಿಂಗಳು ದೊಡ್ಡವನು.

ಅಕ್ಕ ಅಂದೇ ರಾತ್ರಿಯ ಬಸ್ಸಿಗೆ ಇಳಕಲ್ಲಿಗೆ ಹೋದಳು. ಹದಿನೈದು ದಿನ ಫೋನು ಎತ್ತಲಿಲ್ಲ. ನಮೂನೆ ತುಂಬುವ ದಿನ ನಾನಾಗಿಯೇ ಹೋದೆ, ಜೇಬಿನಲ್ಲಿ ಒಳ್ಳೆಯ ಪೆನ್ನು ಇಟ್ಟುಕೊಂಡು. ಅಷ್ಟರಲ್ಲಿ ಅವಳ ಹೆಬ್ಬೆಟ್ಟು ಮತ್ತೆ ಬೋಳಾಗಿತ್ತು. ಬ್ಯಾಂಕಿನಲ್ಲಿ ನಿಂಗ್ಯಾ ಒಂದು ಮೇಜು ಹಾಕಿಸಿಕೊಂಡು ಕುಳಿತಿದ್ದ, ಓಣಿಯ ಹೆಂಗಸರೆಲ್ಲ ಅವನ ಮುಂದೆ ಸಾಲು. ನಾನು ಗೋಡೆಗೆ ಒರಗಿ ನಿಂತೆ. ನನ್ನ ಹತ್ತಿರ ಒಬ್ಬರೂ ಬರಲಿಲ್ಲ.

ಅಕ್ಕನ ಪಾಳಿ ಬಂತು. "ಕೊಡು ಅಕ್ಕಾ" ಎಂದು ನಿಂಗ್ಯಾ ಕೈ ಚಾಚಿದ. ಅಕ್ಕ ಕಾಗದ ಹಿಂದೆ ಸರಿಸಿಕೊಂಡಳು. "ನಂದು ಬ್ಯಾಡಪಾ, ನಿನ್ನ ಹತ್ತರಾಗ ಒಂದು ಬ್ಯಾರೆದವರಿಗೆ ಆಗತೈತಿ. ನನಗ ನನ್ನ ತಮ್ಮ ಅದಾನ" ಎಂದು ನನ್ನ ಕಡೆ ನಡೆದು ಬಂದಳು. ನನ್ನ ಕೈಗೆ ಕಾಗದ ಕೊಟ್ಟಳು. "ಹೊಟ್ಟಿಕಿಚ್ಚು ಪಟ್ಟಿ ಅಂತ ನಾ ಸಿಟ್ಟಾಗಿಲ್ಲೋ. ಅದು ಯಾರಿಗಿಲ್ಲ? ನನ್ನ ಒಬ್ಬಾಕಿ ಕೈ ಅಷ್ಟ ನಿನಗ ಕಂಡ್ವಲ್ಲ, ಅದಕ್ಕ ಸಿಟ್ಟು. ಬರಿ. ಗ್ರಂಥ ಬರೀಬ್ಯಾಡ, ಜಾಗಾ ಸಣ್ಣದೈತಿ."

ಎಷ್ಟು ವರ್ಷದಿಂದ ಬಲ್ಲಿರಿ ಎಂಬಲ್ಲಿ ನನ್ನ ವಯಸ್ಸನ್ನೇ ಬರೆದೆ. ಸಹಿ ಮಾಡುವಾಗ ಕಣ್ಣು ಮಂಜಾಯಿತು. ವಾರೆಗಣ್ಣಿನಲ್ಲಿ ನಿಂಗ್ಯಾ ನೋಡುತ್ತಿದ್ದಾನೋ ಎಂದು ನೋಡಿದೆ. ನೋಡಲಿ ಎಂದೇ ಸ್ವಲ್ಪ ನಿಧಾನ ಮಾಡಿದೆ. ಅವನು ಬರೆಯುತ್ತಲೇ ಇದ್ದ. ಅವನ ಹತ್ತು ಮುಗಿದವು. ಸಾಲಿನ ಕೊನೆಯಲ್ಲಿ ಹಸೀನಾ ಒಬ್ಬಳು ಉಳಿದಳು.

"ಅಕಿದೂ ನೀನ ಹಾಕೋ ತಮ್ಮಾ" ಎಂದಳು ಅಕ್ಕ. "ಗ್ವಾಡಿಗೆ ಗ್ವಾಡಿ ಹತ್ತಿದ ಮನಿ. ನೀ ಸಾಲಿಗೆ ಹೋಗೂಮುಂದ ಅಕಿ ಕೈಯಾಗಿನ ರೊಟ್ಟಿ ತಿಂದಾವ ನೀ."

ಹಸೀನಾ ಸೆರಗು ಸರಿಮಾಡಿಕೊಂಡು ನಮೂನೆ ಕೊಟ್ಟಳು. ಮೊದಲ ಸಾಲಿನಲ್ಲೇ ಇತ್ತು: ಮಾಸಾಶನ ಪಡೆಯುವವರ ಪೂರ್ಣ ಹೆಸರು, ಬಲ್ಲವರೇ ಬರೆಯಬೇಕು. ಹಸೀನಾ ಎಂದು ಬರೆದೆ. ಪೆನ್ನು ಅಲ್ಲೇ ನಿಂತಿತು. ಮುಂದೆ? ಗಂಡನ ಹೆಸರು? ಅಡ್ಡಹೆಸರು? ಅವಳ ಗಂಡ ನಮ್ಮ ಮನೆಯ ನೂಲಿಗೆ ಬಣ್ಣ ಹಾಕಿಕೊಡುತ್ತಿದ್ದ, ಅವನ ನೀಲಿ ಹತ್ತಿದ ಕೈ ಕಣ್ಣ ಮುಂದೆ ಬಂತು, ಹೆಸರು ಬರಲಿಲ್ಲ. ಹಸೀನಾ ನನ್ನ ಮುಖ ನೋಡುತ್ತ ಕಾಯುತ್ತಿದ್ದಳು. ತಾನಾಗಿ ಹೇಳಲಿಲ್ಲ, ಮಾಸ್ತರಿಗೆ ಗೊತ್ತಿರುತ್ತದೆ ಎಂದೇ ನಂಬಿದ್ದಳು.

ಆಚೆ ಮೇಜಿನಿಂದ, ಕಾಗದಗಳನ್ನು ಜೋಡಿಸಿಕೊಳ್ಳುತ್ತ, ತಲೆ ಎತ್ತದೆ ನಿಂಗ್ಯಾ ಹೇಳಿದ: "ಹಸೀನಾಬೇಗಂ, ಗಂಡ ದಾವಲಸಾಬ, ರಂಗ್ರೇಜ."

ಮೂವತ್ತು ವರ್ಷ ಮಕ್ಕಳಿಗೆ ಉಕ್ತಲೇಖನ ಬರೆಸಿದವನು ನಾನು. ಅವನು ಹೇಳಿದ್ದನ್ನು ಒಂದಕ್ಷರವೂ ಬಿಡದೆ ಬರೆದುಕೊಂಡೆ.